ಮೊದಲು ಹೊಳೆ ನೋಡಿ, ಆಮೇಲೆ ಎಂಜಿನ್ ಆರಿಸಿ



ಬೋಟಿಗೆ ಪ್ರೊಪೆಲ್ಲರ್ ಒಳ್ಳೆಯದೋ, ಜೆಟ್ ಒಳ್ಳೆಯದೋ? ನಮ್ಮ ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಹೆಚ್ಚಿನವರು “ಜೆಟ್ಟೇ ಒಳ್ಳೆಯದು, ವಿಮಾನದ ಹಾಗೆ ಜೋರಾಗಿ ಹೋಗ್ತದೆ” ಅನ್ನುತ್ತಾರೆ. ಆದರೆ ಜೋರು ಒಂದೇ ಮುಖ್ಯ ಅಲ್ಲ. ದುಬಾರೆಯಲ್ಲಿ ನೀರು ತುಂಬಿರುವಾಗ ಪ್ರವಾಸಿಗರು ಮೋಟಾರ್ ಬೋಟಿನಲ್ಲಿ ಹೊಳೆ ದಾಟಿ ಆನೆ ಶಿಬಿರಕ್ಕೆ ಹೋಗುತ್ತಾರೆ. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿ, ಕುಶಾಲನಗರದ ಕಡೆ ಮನೆಗಳಿಗೆ ನೀರು ನುಗ್ಗಿದಾಗ ಜನರನ್ನು ಹೊರಗೆ ತರಲು ಬೋಟು ಬೇಕಾಯಿತು. ನಮ್ಮ ಮನೆಯೂ ಹೊಳೆ ಬದಿಯಲ್ಲೇ ಇದೆ. ಆದ್ದರಿಂದ ಈ ವಿಷಯವನ್ನು ಸರಿಯಾಗಿ ತಿಳಿಯಬೇಕು ಅಂತ ನನಗೆ ಅನ್ನಿಸಿತು.

ಎರಡೂ ಹೇಗೆ ಕೆಲಸ ಮಾಡುತ್ತವೆ?

ಪ್ರೊಪೆಲ್ಲರ್ ಅಂದರೆ ಬೋಟಿನ ಹಿಂದೆ ನೀರಿನೊಳಗೆ ತಿರುಗುವ ಸಣ್ಣ ಫ್ಯಾನಿನಂಥ ಚಕ್ರ. ಅದಕ್ಕೆ ಮೂರೋ ನಾಲ್ಕೋ ರೆಕ್ಕೆ ಇರುತ್ತವೆ. ಅದು ನೀರನ್ನು ಹಿಂದಕ್ಕೆ ತಳ್ಳಿದರೆ ಬೋಟು ಮುಂದಕ್ಕೆ ಹೋಗುತ್ತದೆ. ನ್ಯೂಟನ್ನನ ಮೂರನೇ ನಿಯಮವೇ ಇದಕ್ಕೆ ಆಧಾರ.

ಜೆಟ್ ತಿಳಿಯಲು ಕಾಫಿ ತೋಟದ ಪಂಪ್‌ಸೆಟ್ ನೆನಪು ಮಾಡಿಕೊಳ್ಳಿ. ಕಾಫಿ ಹೂ ಅರಳಲೆಂದು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೊಳೆಯಿಂದ ನೀರು ಎತ್ತಿ ಸ್ಪ್ರಿಂಕ್ಲರ್ ಹಾಕುತ್ತಾರಲ್ಲ? ಜೋರಾಗಿ ನೀರು ಬರುವ ಪೈಪಿನ ಬಾಯಿ ಹಿಡಿದವರಿಗೆ ಗೊತ್ತುಂಟು. ನೀರು ಮುಂದೆ ಚಿಮ್ಮುವಾಗ ಪೈಪು ನಮ್ಮ ಕೈಯನ್ನು ಹಿಂದಕ್ಕೆ ನೂಕುತ್ತದೆ. ಇಂಥ ಪಂಪನ್ನು ಬೋಟಿನ ಹೊಟ್ಟೆಯೊಳಗೆ ಇಟ್ಟರೆ ಅದೇ ಜೆಟ್ ಬೋಟು. ಅಡಿಯಲ್ಲಿರುವ ಜಾಲರಿಯಿಂದ ನೀರನ್ನು ಎಳೆದುಕೊಂಡು, ಹಿಂದಿನ ಕೊಳವೆಯಿಂದ ರಭಸವಾಗಿ ಬಿಡುತ್ತದೆ.

ನದಿಯ ಜೆಟ್ ಬೋಟನ್ನು ಬಳಕೆಗೆ ತಂದವರು ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್. ಅವರ ಊರಿನ ನದಿಗಳಲ್ಲಿ ನೀರು ಕಡಿಮೆ, ಕಲ್ಲು ಜಾಸ್ತಿ. ಪ್ರೊಪೆಲ್ಲರ್ ಬೋಟು ಅಲ್ಲಿ ನಡೆಯುತ್ತಿರಲಿಲ್ಲ. ಅದಕ್ಕಾಗಿ 1950ರ ದಶಕದಲ್ಲಿ ಅವರು ಇದನ್ನು ತಯಾರಿಸಿದರು. ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ 1977ರಲ್ಲಿ ಜೆಟ್ ಬೋಟುಗಳಲ್ಲೇ ಗಂಗಾಸಾಗರದಿಂದ ಗಂಗಾ ನದಿಯ ವಿರುದ್ಧ ದಿಕ್ಕಿಗೆ ಹೊರಟರು. ಹಿಮಾಲಯದ ನಂದಪ್ರಯಾಗದ ಹತ್ತಿರ ಒಂದು ಜಲಪಾತ ಅಡ್ಡ ಬರುವ ತನಕ ಬೋಟುಗಳು ಹೋದವು!

ಯಾವುದರಲ್ಲಿ ಏನು ಗುಣ, ಏನು ದೋಷ?

1. ಕಲ್ಲು: ಪ್ರೊಪೆಲ್ಲರ್ ಬೋಟಿನ ಅಡಿಗಿಂತ ಕೆಳಗೆ ಇಳಿದಿರುತ್ತದೆ. ಬೇಸಿಗೆಯಲ್ಲಿ ದುಬಾರೆಯ ಹೊಳೆಯಲ್ಲಿ ಬಂಡೆಗಳು ಮೇಲೆ ಬರುತ್ತವೆ. ರೆಕ್ಕೆ ಬಂಡೆಗೆ ಬಡಿದರೆ ಬಾಗುತ್ತದೆ ಅಥವಾ ಮುರಿಯುತ್ತದೆ. ಗೇರ್ ಹಾಳಾಗಬಾರದು ಅಂತ ಕೆಲವು ಸಣ್ಣ ಮೋಟಾರುಗಳಲ್ಲಿ ಒಂದು ಪಿನ್ ಇಟ್ಟಿರುತ್ತಾರೆ. ಪೆಟ್ಟು ಬಿದ್ದರೆ ಆ ಪಿನ್ ಮುರಿಯುತ್ತದೆ. ಗೇರ್ ಉಳಿಯಿತು ನಿಜ, ಆದರೆ ಹೊಸ ಪಿನ್ ಹಾಕುವ ತನಕ ಬೋಟು ನೀರು ಎಳೆದ ಕಡೆ ಹೋಗುತ್ತದೆ. ಜೆಟ್ ಬೋಟಿನ ಅಡಿಯಲ್ಲಿ ಇಳಿಬಿದ್ದದ್ದು ಏನೂ ಇಲ್ಲ. ಇಲ್ಲಿ ಜೆಟ್‌ಗೆ ಗೆಲುವು.

2. ಕಸ: ಪಂಪಿನ ಫುಟ್‌ವಾಲ್ವಿಗೆ ಎಲೆ ಕಟ್ಟಿದರೆ ನೀರು ಏರುವುದಿಲ್ಲ ಅಲ್ವಾ? ಜೆಟ್ಟಿನ ಜಾಲರಿಗೂ ಅದೇ ಕಷ್ಟ. ಎಲೆ, ಬಳ್ಳಿ, ಪ್ಲಾಸ್ಟಿಕ್ ಸಿಕ್ಕಿಕೊಂಡರೆ ಬೋಟಿನ ಬಲ ಹೋಗುತ್ತದೆ. ಮರಳು ಹೋದರೆ ಒಳಗಿನ ಚಕ್ರ ಸವೆಯುತ್ತದೆ. ಪ್ರೊಪೆಲ್ಲರಿಗೂ ಬಳ್ಳಿ ಸುತ್ತುತ್ತದೆ. ಆದರೆ ಹಿಂದೆ ಕಟ್ಟುವ ಮೋಟಾರನ್ನು ಮೇಲೆ ಎತ್ತಿ ಬಿಡಿಸಬಹುದು.

3. ಪೆಟ್ರೋಲು: ಹಿಂದೆ ಕಟ್ಟುವ ಮೋಟಾರಿಗೆ ಪ್ರೊಪೆಲ್ಲರ್ ಬದಲು ಜೆಟ್ ಹಾಕಿದರೆ ಸುಮಾರು ಶೇಕಡ 30ರಷ್ಟು ಶಕ್ತಿ ನಷ್ಟವಾಗುತ್ತದೆ. ನಿಧಾನವಾಗಿ, ಭಾರ ಹೊತ್ತು ಹೋಗಲು ಪ್ರೊಪೆಲ್ಲರೇ ಉತ್ತಮ.

4. ಜೀವದ ಭಯ: ತಿರುಗುವ ರೆಕ್ಕೆ ನೀರಿನಲ್ಲಿರುವ ಮನುಷ್ಯನಿಗೆ ಕತ್ತಿಯೇ ಸರಿ. ಅದರ ಸುತ್ತ ಪಂಜರದಂಥ ಗಾರ್ಡ್ ಹಾಕಿಸಬಹುದು. ಜೆಟ್ಟಿನಲ್ಲಿ ಹೊರಗೆ ರೆಕ್ಕೆ ಇಲ್ಲ. ಆದರೆ ಉದ್ದ ಕೂದಲು, ಸಡಿಲ ಬಟ್ಟೆ ಜಾಲರಿಯ ಕಡೆಗೆ ಎಳೆದುಕೊಳ್ಳಬಹುದು. ಯಾವ ಬೋಟಾದರೂ ಹತ್ತಿರ ಜನ ನೀರಿನಲ್ಲಿದ್ದರೆ ಎಂಜಿನ್ ಆಫ್ ಮಾಡಲೇಬೇಕು.

5. ತಿರುಗಿಸುವುದು: ನನಗೆ ಬಹಳ ಆಶ್ಚರ್ಯ ಆದದ್ದು ಇದು. ಜೆಟ್ ಬೋಟು ತಿರುಗುವುದು ಹಿಂದಿನಿಂದ ಚಿಮ್ಮುವ ನೀರಿನ ಬಲದಿಂದ. ಎದುರಿಗೆ ಬಂಡೆ ಕಂಡು ಹೆದರಿ ಎಕ್ಸಿಲೇಟರ್ ಪೂರ್ತಿ ಬಿಟ್ಟರೆ ನೀರು ಚಿಮ್ಮುವುದು ನಿಲ್ಲುತ್ತದೆ. ಆಗ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಬೋಟು ನೆಟ್ಟಗೆ ಬಂಡೆ ಕಡೆಗೇ ಹೋಗುತ್ತದೆ! ಸ್ವಲ್ಪ ಎಕ್ಸಿಲೇಟರ್ ಕೊಟ್ಟುಕೊಂಡೇ ತಿರುಗಿಸಬೇಕು. ಕಲಿಯದವರ ಕೈಗೆ ಇದನ್ನು ಕೊಡಬಾರದು.

ನೀವೇ ಮಾಡಿ ನೋಡಿ: ಅಡಿಕೆ ಹಾಳೆಯಿಂದ ಸಣ್ಣ ದೋಣಿ ಮಾಡಿ. ಬಲೂನಿನ ಬಾಯಿಗೆ ಪೆನ್ನಿನ ಖಾಲಿ ಕೊಳವೆ ಕಟ್ಟಿ, ಬಾಯಿ ಹಿಂದೆ ಬರುವಂತೆ ಇಡಿ. ಗಾಳಿ ಬಿಟ್ಟರೆ ದೋಣಿ ಮುಂದೆ ಓಡುತ್ತದೆ. ಕೊಳವೆಯನ್ನು ಓರೆ ಮಾಡಿದರೆ ತಿರುಗುತ್ತದೆ. ಗಾಳಿ ಮುಗಿದ ಮೇಲೆ ಕೊಳವೆ ಓರೆ ಮಾಡಿದರೆ ಏನೂ ಆಗೋದಿಲ್ಲ. ಇದನ್ನು ದೊಡ್ಡ ಬೋಗುಣಿಯಲ್ಲಿ ಮಾಡಿ, ಹೊಳೆಯಲ್ಲಿ ಬೇಡ.

ಹಾಗಾದರೆ ನಮಗೆ ಯಾವುದು?

ಹಾರಂಗಿ ಹಿನ್ನೀರಿನಂಥ ಆಳದ ನೀರಿಗೆ ಗಾರ್ಡ್ ಇರುವ ಪ್ರೊಪೆಲ್ಲರ್ ಸಾಕು. ಖರ್ಚೂ ಕಡಿಮೆ. ಕಲ್ಲಿರುವ, ಆಳ ಕಡಿಮೆಯ, ಕಸ ಇಲ್ಲದ ಹೊಳೆಗೆ ಜೆಟ್ ಸರಿ, ಆದರೆ ಪಳಗಿದ ಡ್ರೈವರ್ ಬೇಕು. ಪ್ರವಾಹದ ಕೆಂಪು ನೀರಿನಲ್ಲಿ ಕೊಂಬೆ, ಬೇಲಿ ತಂತಿ, ಬಟ್ಟೆ ಎಲ್ಲ ತೇಲಿ ಬರುತ್ತವೆ. ಅಲ್ಲಿ ಜೆಟ್ಟಿನ ಜಾಲರಿ ಬೇಗ ಕಟ್ಟಿಕೊಳ್ಳುತ್ತದೆ. ಎನ್.ಡಿ.ಆರ್.ಎಫ್. ಜವಾನರು ತರುವ ರಬ್ಬರ್ ಬೋಟುಗಳಿಗೆ ಹಿಂದೆ ಕಟ್ಟುವ ಪ್ರೊಪೆಲ್ಲರ್ ಮೋಟಾರ್ ಇರುತ್ತದೆ. ನೀರು ಕಡಿಮೆಯಾದ ಕಡೆ ಅದನ್ನು ಎತ್ತಿಟ್ಟು ಹುಟ್ಟು ಹಾಕುತ್ತಾರೆ. ಬೇಸಿಗೆಯಲ್ಲಿ ಹೊಳೆ ತೀರಾ ಬತ್ತಿದರೆ ಎಂಜಿನ್ ಬೋಟೇ ಬೇಡ. ಮೀನುಗಳಿಗೂ ಸ್ವಲ್ಪ ನೆಮ್ಮದಿ ಸಿಗಲಿ.

ಜೆಟ್ ಮೇಲೋ ಪ್ರೊಪೆಲ್ಲರ್ ಮೇಲೋ ಅಂತ ಜಗಳ ಮಾಡುವ ಮೊದಲು ಮೂರು ವಿಷಯ ಕೇಳಿ: ನೀರು ಎಷ್ಟು ಆಳ? ಅದರಲ್ಲಿ ಏನೇನು ಉಂಟು? ನಡೆಸುವವರು ಯಾರು? ಎಂಜಿನ್ ಯಾವುದೇ ಇರಲಿ, ಲೈಫ್ ಜಾಕೆಟ್ ಇಲ್ಲದೆ ಮಾತ್ರ ಬೋಟು ಹತ್ತಬೇಡಿ.

— ಏಳನೇ ತರಗತಿ