ತೋಳನ ಹೆಸರಿನ ರಾಕ್ಷಸ, ತೊಂಡೆಯೊಳಗಿನ ಶಿವ

ಜಪಾನಿನ ತತೆಬಯಾಶಿಯ ಮೊರಿಂಜಿ ದೇವಾಲಯದಲ್ಲಿ ಒಂದು ಚಹಾ ಪಾತ್ರೆ ಇದೆ. ಎಷ್ಟು ಬಗ್ಗಿಸಿದರೂ ನೀರು ಬತ್ತದ ಆ ಪಾತ್ರೆಯನ್ನು ತಂದ ಸನ್ಯಾಸಿ ಮನುಷ್ಯನೇ ಅಲ್ಲ, ವೇಷ ಮರೆಸಿಕೊಂಡ ತನುಕಿ ಎಂಬ ಕಾಡುಪ್ರಾಣಿ ಎನ್ನುತ್ತದೆ ಅಲ್ಲಿನ ಕಥೆ. ವೇಮಗಲ್ ಸೀಮೆಯಲ್ಲಿ ಜಪಾನ್ ಎಂದರೆ ನರಸಾಪುರದ ಹೋಂಡಾ ಕಾರ್ಖಾನೆ. ರೂಪ ಬದಲಿಸುವವರ ಕಥೆಗಾದರೆ ಅಷ್ಟು ದೂರ ಹೋಗಬೇಕಿಲ್ಲ, ಸೀತಿ ಬೆಟ್ಟ ಇಲ್ಲೇ ಇದೆ.

ಬೆಟ್ಟದ ಭೈರವ ಮೊರಸು ಒಕ್ಕಲಿಗರ ದೇವರು. ಕಥೆಯ ರಾಕ್ಷಸ ವೃಕಾಸುರ. ವೃಕ ಎಂದರೆ ತೋಳ. (ತನುಕಿಯೂ ನಾಯಿ ಕುಲದ್ದೇ!) ಯಾರ ತಲೆ ಮುಟ್ಟಿದರೂ ಅವರು ಸುಟ್ಟು ಬೂದಿಯಾಗುವ ವರ ಪಡೆದು, ಕೊಟ್ಟ ಶಿವನನ್ನೇ ಅಟ್ಟಿಸಿಕೊಂಡು ಬಂದ. ಭಾಗವತದಲ್ಲಿ ವಿಷ್ಣು ವಟುವಾಗಿ ಬಂದು ಅವನನ್ನು ಮುಗಿಸುತ್ತಾನೆ. ನಮ್ಮವರಿಗೆ ಅಷ್ಟು ಸಾಲಲಿಲ್ಲ, ಕಥೆಯನ್ನು ಹೊಲಕ್ಕೆ ಇಳಿಸಿದರು. ಇಲ್ಲಿ ಶಿವ ಅಡಗಿದ್ದು ಲಿಂಗತೊಂಡೆಯಲ್ಲಿ. ಗೋಲಿಯಷ್ಟು ಕಾಯಿ, ಹಸಿರು ಮೈಗೆ ಬಿಳಿ ಪಟ್ಟೆ, ಹಣ್ಣಾದರೆ ಕೆಂಪು. ಒಡೆದರೆ ಒಳಗಿನ ಬೀಜ ಪಾಣಿಪೀಠದ ಮೇಲಿನ ಲಿಂಗದಂತೆಯೇ ಇರುತ್ತದೆ. ಶಿವನನ್ನು ಅಲ್ಲಿ ಅಡಗಿಸುವ ಉಪಾಯ ಹೊಳೆದದ್ದು ಈ ಬೀಜ ನೋಡಿಯೇ ಎಂದು ನನ್ನ ಗುಮಾನಿ.

ರಾಕ್ಷಸ ಕೇಳಿದಾಗ ಹೊಲದಲ್ಲಿದ್ದ ರೈತ ಬಾಯಲ್ಲಿ ‘ಕಾಣೆ’ ಎಂದ, ಕಿರುಬೆರಳಲ್ಲಿ ತೊಂಡೆ ತೋರಿಸಿದ. ಅಷ್ಟರಲ್ಲಿ ವಿಷ್ಣು ಮೋಹಿನಿಯಾಗಿ ಬಂದು ರಾಕ್ಷಸನ ಕೈಯನ್ನು ಅವನ ತಲೆಗೇ ಇಡಿಸಿದ. ಆಮೇಲೆ ಶಿವ ತನ್ನನ್ನು ತೋರಿಸಿಕೊಟ್ಟ ರೈತನ ಬೆರಳು ಕೇಳಿದ. ಬುತ್ತಿ ತಂದಿದ್ದ ಹೆಂಡತಿ, ಇವನ ಬೆರಳು ಹೋದರೆ ಬೇಸಾಯ ಕೆಟ್ಟೀತು, ನನ್ನವೆರಡು ತಗೋ ಎಂದಳು. ದೇವರುಗಳು ರೂಪ ಬದಲಿಸಿ ಪಾರಾದರು. ದಂಡ ತೆತ್ತವಳು ಇವಳು.

ಮೊರಸು ಒಕ್ಕಲಿಗರ ಒಂದು ಪಂಗಡಕ್ಕೆ ‘ಬೆರಳು ಕೊಡುವವರು’ ಎಂದೇ ಹೆಸರಿತ್ತು. ಹಿರಿಮಗಳಿಗೆ ಕಿವಿ ಚುಚ್ಚಿಸುವ ಮೊದಲು ತಾಯಿ ಬಲಗೈಯ ಉಂಗುರ ಬೆರಳು, ಕಿರುಬೆರಳುಗಳ ತುದಿಗೆಣ್ಣು ಕೊಡಬೇಕಿತ್ತು. ಊರಿನ ಕಮ್ಮಾರ ದಿಮ್ಮಿಯ ಮೇಲೆ ಬೆರಳಿಡಿಸಿ ಉಳಿಯಿಂದ ಕತ್ತರಿಸುತ್ತಿದ್ದ ಎಂದು ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ 200 ವರ್ಷಗಳ ಹಿಂದೆಯೇ ದಾಖಲಿಸಿದ. ಕಥೆಯಿಂದ ಪದ್ಧತಿ ಬಂತೋ, ಪದ್ಧತಿಗೆ ಕಥೆ ಕಟ್ಟಿದರೋ? ಭಾಗವತದಲ್ಲಿ ರೈತನೂ ಇಲ್ಲ, ಅವನ ಹೆಂಡತಿಯೂ ಇಲ್ಲ. ಹಾಗಾಗಿ ಎರಡನೆಯದೇ ಇರಬೇಕು.

ಸರ್ಕಾರ ನಿಷೇಧಿಸಿದ ಮೇಲೆ ಪದ್ಧತಿಯೂ ರೂಪ ಬದಲಿಸಿತು. ಬೆರಳಿಗೆ ಚಿನ್ನದ ಇಲ್ಲವೇ ಬೆಳ್ಳಿಯ ಎಳೆ ಸುತ್ತಿ, ಬೆರಳಿನ ಬದಲು ಅದನ್ನು ಕಳಚಿ ಒಪ್ಪಿಸಿದರೆ ಸಾಕಾಯಿತು.

ಸೀತಿ ಬೆಟ್ಟಕ್ಕೆ ಹೋದಾಗ ದಾರಿಬದಿಯ ಬೇಲಿಗಳ ಮೇಲೆ ಕಣ್ಣಿರಲಿ. ಲಿಂಗತೊಂಡೆ ಸಿಕ್ಕರೆ ಒಡೆದು ಬೀಜ ನೋಡಿ, ಬಾಯಿಗೆ ಮಾತ್ರ ಹಾಕಿಕೊಳ್ಳಬೇಡಿ.