ಮಸಿಕುಡಿಕೆಯ ತಳದಲ್ಲಿ ಉಳಿದ ಕಲೆ

ಹಳೆಯ ಮನೆಯ ಅಟ್ಟದಲ್ಲಿ ಹಿತ್ತಾಳೆಯ ದೌತಿಯೊಂದು ಸಿಕ್ಕಿತೆನ್ನಿ. ಮನೆಯವರು ಮಾಡುವ ಮೊದಲ ಕೆಲಸ ಹುಣಸೆಹಣ್ಣು ಹಚ್ಚಿ ಉಜ್ಜುವುದು. ಐದು ನಿಮಿಷದಲ್ಲಿ ದೌತಿ ಥಳಥಳ ಹೊಳೆಯುತ್ತದೆ, ಗಾಜಿನ ಬೀರು ಸೇರುತ್ತದೆ. ಆದರೆ ಹಳೆಯ ಮಸಿಕುಡಿಕೆಗಳನ್ನು ಸಂಗ್ರಹಿಸುವವರ ಕಣ್ಣಿಗೆ ಇದು ನಷ್ಟದ ಬಾಬತ್ತು. ತಳದ ಕಪ್ಪು ಕಲೆಯ ಜೊತೆಗೆ ಆ ವಸ್ತುವಿನ ಚರಿತ್ರೆಯೂ ಬಚ್ಚಲಿಗೆ ಹರಿದುಹೋಗಿರುತ್ತದೆ.

ಬರೆಯುವವರ ಮೇಜಿನ ಮೇಲೆ ಒಂದು ಕಾಲಕ್ಕೆ ಸಾಮಾನುಗಳ ಸಂತೆಯೇ ಇರುತ್ತಿತ್ತು. ಮಸಿಕುಡಿಕೆ, ಲೇಖನಿಯ ತಟ್ಟೆ, ಗರಿ ಚೂಪು ಮಾಡುವ ಚಾಕು, ಮರಳಿನ ಡಬ್ಬಿ, ಅರಗು, ಮುದ್ರೆ. ಇಂದು ಇವೆಲ್ಲ ಶೋಕಿಯ ವಸ್ತುಗಳಂತೆ ಕಾಣುತ್ತವೆ. ಹುಟ್ಟಿದ್ದು ಮಾತ್ರ ಶೋಕಿಗಲ್ಲ. ಮಸಿ ಚೆಲ್ಲುತ್ತದೆ, ಒಣಗುತ್ತದೆ, ಕಾಗದದ ಮೇಲೆ ಹರಡುತ್ತದೆ, ಪಾತ್ರೆಯನ್ನೂ ತಿನ್ನುತ್ತದೆ. ಈ ಒಂದೊಂದು ತಂಟೆಗೂ ಕುಶಲಕರ್ಮಿಗಳು ಹುಡುಕಿದ ಒಂದೊಂದು ಉಪಾಯ ಈ ಸಾಮಾನುಗಳು.

ಯೂರೋಪಿನಲ್ಲಿ ಶತಮಾನಗಳ ಕಾಲ ಬಳಕೆಯಲ್ಲಿದ್ದುದು ಕಬ್ಬಿಣದ ಅಂಶವುಳ್ಳ ಮಸಿ. ಓಕ್ ಮರದ ಮೇಲೆ ಕೀಟದಿಂದ ಏಳುವ ಗಂಟು, ಅಂದರೆ ನಮ್ಮ ಗ್ರಂಧಿಗೆ ಅಂಗಡಿಯ ಮಾಚಿಕಾಯಿ, ಜೊತೆಗೆ ಅನ್ನಭೇದಿ ಮತ್ತು ಗೋಂದು, ಇವು ಅದರ ಮುಖ್ಯ ಸಾಮಗ್ರಿ. ಬರೆದಾಗ ಮಂಕಾಗಿ ಕಾಣುವ ಈ ಮಸಿ ಗಾಳಿ ತಾಕಿದಂತೆ ಕಪ್ಪಾಗಿ ಕಾಗದವನ್ನು ಬಿಗಿಯಾಗಿ ಹಿಡಿಯುತ್ತದೆ. ಆದರೆ ಅದು ಆಮ್ಲ, ಲೋಹವನ್ನು ಕೊರೆಯುತ್ತದೆ. ಆದ್ದರಿಂದಲೇ ಅಲ್ಲಿನ ಬೆಳ್ಳಿ, ಹಿತ್ತಾಳೆಯ ಮಸಿಕುಡಿಕೆಗಳ ಒಳಗೆ ಸಾಮಾನ್ಯವಾಗಿ ಗಾಜಿನದೋ ಪಿಂಗಾಣಿಯದೋ ಪುಟ್ಟ ಬಟ್ಟಲು ಇರುತ್ತದೆ. ಬಲ್ಲ ಸಂಗ್ರಾಹಕರು ಹೊರಗಿನ ಕೆತ್ತನೆಗೆ ಮರುಳಾಗುವ ಮೊದಲು ಈ ಬಟ್ಟಲು ಇದೆಯೇ, ಅಳತೆಗೆ ಸರಿಯಾಗಿ ಕೂರುತ್ತದೆಯೇ ಎಂದು ನೋಡುತ್ತಾರೆ.

ನಮ್ಮ ದೇಶದ ದೌತಿಗಳ ಕತೆ ಬೇರೆ. ದೀಪದ ಕಾಡಿಗೆಯನ್ನು ಗೋಂದಿನ ನೀರಿನಲ್ಲಿ ಅರೆದು ಮಾಡಿದ ಮಸಿ ಲೋಹವನ್ನು ಕೊರೆಯುವುದಿಲ್ಲ. ಅದನ್ನು ಬರಿಯ ಹಿತ್ತಾಳೆಯಲ್ಲೇ ತುಂಬಿಡಬಹುದಿತ್ತು. ಮಸಿ ಚೆಲ್ಲದಿರಲಿ, ಲೆಕ್ಕಣಿಕೆಗೆ ಹೆಚ್ಚು ಅಂಟದಿರಲಿ ಎಂದು ದೌತಿಯೊಳಗೆ ಬಟ್ಟೆಯ ಅಥವಾ ರೇಷ್ಮೆ ಎಳೆಯ ಉಂಡೆಯನ್ನು ಹಾಕುವ ಪದ್ಧತಿಯೂ ಇತ್ತು. ಹಳೆಯ ದೌತಿ ತೊಳೆಯುವವರು ಕಸವೆಂದು ಎಸೆಯುವುದು ಬಹುಶಃ ಇದನ್ನೇ.

ಕರ್ನಾಟಕದಲ್ಲಿ ಮಸಿಯಿಲ್ಲದ ಬರವಣಿಗೆಯೂ ಬಹುಕಾಲ ನಡೆದಿತ್ತು. ಕಡತಕ್ಕೆ ಬಳಪ ಸಾಕು. ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದು, ಬರೆದಾದ ಮೇಲೆ ಕಾಡಿಗೆ ಸವರುತ್ತಿದ್ದರು. ಅಲ್ಲಿ ಅಕ್ಷರ ಮೊದಲು, ಮಸಿ ಆಮೇಲೆ. ಕಾಗದ ಬಂದ ಮೇಲೆ ದೌತಿಗೆ ಮರ್ಯಾದೆ ಹೆಚ್ಚಿತು. ಬೀದರಿನ ಕುಶಲಕರ್ಮಿಗಳು ಸತುವಿನ ಮಿಶ್ರಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸಿ ಕಲಮುದಾನಿಗಳನ್ನು ಮಾಡಿದರು.

ರಾಜರ ಮೇಜಿನಲ್ಲಂತೂ ಮಸಿಕುಡಿಕೆ ಅಧಿಕಾರದ ಗುರುತು. ಮೊಘಲ್ ದೊರೆ ಜಹಾಂಗೀರನಿಗಾಗಿ ಮೋಮಿನ್ ಎಂಬ ಕುಶಲಕರ್ಮಿ 1618-19ರಲ್ಲಿ ಪಚ್ಚೆಬಣ್ಣದ ಜೇಡ್ ಕಲ್ಲಿನಲ್ಲಿ ಕಡೆದ ಪುಟ್ಟ ದೌತಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಫಿಲಿಪ್ ಸಿಂಗ್ 1752ರಲ್ಲಿ ಮಾಡಿದ ಬೆಳ್ಳಿಯ ಮಸಿದಾನಿಯಲ್ಲಿ ಲೇಖನಿ ಅದ್ದಿಯೇ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೂ, 1787ರಲ್ಲಿ ಅಲ್ಲಿನ ಸಂವಿಧಾನಕ್ಕೂ ಸಹಿ ಹಾಕಲಾಯಿತು. ಆ ತಟ್ಟೆಯಲ್ಲಿ ಮಸಿಕುಡಿಕೆಯ ಪಕ್ಕದಲ್ಲೇ ತೂತುಮುಚ್ಚಳದ ಡಬ್ಬಿಯೊಂದಿದೆ. ಹಸಿ ಅಕ್ಷರ ಒಣಗಲೆಂದು ಇಂಥ ಡಬ್ಬಿಗಳಿಂದ ನಯವಾದ ಮರಳು ಉದುರಿಸುತ್ತಿದ್ದರು. ಬ್ಲಾಟಿಂಗ್ ಪೇಪರು ಹತ್ತೊಂಬತ್ತನೆಯ ಶತಮಾನದಲ್ಲಿ ಮನೆಮಾತಾದ ಮೇಲೆ ಮರಳಿನ ಡಬ್ಬಿ ಮೂಲೆ ಸೇರಿತು.

ಅದೇ ಶತಮಾನದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳು ಅಗ್ಗದ ಉಕ್ಕಿನ ನಿಬ್ಬುಗಳನ್ನು ಜಗತ್ತಿಗೆಲ್ಲ ಹಂಚಿದವು. ಮಸಿಕುಡಿಕೆ ಗುಮಾಸ್ತರ ಮೇಜಿಗೂ ಶಾಲೆಯ ಡೆಸ್ಕಿಗೂ ಇಳಿಯಿತು. ಹಳೆಯ ಡೆಸ್ಕುಗಳಲ್ಲಿ ಕಾಣುವ ದುಂಡನೆಯ ತೂತು ಪಿಂಗಾಣಿ ಕುಡಿಕೆ ಕೂರಿಸಲು ಮಾಡಿದ್ದು. ಪ್ರಯಾಣಿಕರಿಗೆ ಸ್ಪ್ರಿಂಗ್ ಮುಚ್ಚಳದ ಕುಡಿಕೆ ಬಂತು. 1884ರಲ್ಲಿ ವಾಟರ್‌ಮನ್ ಫೌಂಟನ್ ಪೆನ್ನಿಗೆ ಪೇಟೆಂಟ್ ಪಡೆದ ಮೇಲೆ ಮಸಿ ಪೆನ್ನಿನ ಹೊಟ್ಟೆಗೇ ಸೇರತೊಡಗಿತು. 1945ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಬಾಲ್‌ಪಾಯಿಂಟ್ ಪೆನ್ನಿಗೆ ಕುಡಿಕೆಯ ಹಂಗೇ ಇರಲಿಲ್ಲ.

ಕೆಲಸ ಕಳೆದುಕೊಂಡ ವಸ್ತುವಿಗೆ ಸಂಗ್ರಾಹಕರ ಬಳಿ ಬೆಲೆ ಬಂತು. ಬೆಲೆ ಬಂದ ಕಡೆ ನಕಲಿಯೂ ಬಂತು. ಹೊಸ ಹಿತ್ತಾಳೆಗೆ ರಾಸಾಯನಿಕ ಬಳಿದು ಮುಪ್ಪು ತರಿಸುವುದು ಕಷ್ಟವೇನಲ್ಲ. ಆದರೆ ಆ ಮುಪ್ಪು ಎಲ್ಲ ಕಡೆ ಒಂದೇ ಸಮನಾಗಿರುತ್ತದೆ. ನಿಜವಾಗಿ ಬಳಸಿದ ಕುಡಿಕೆಯಲ್ಲಿ ಬೆರಳು ತಾಕುವ ಮುಚ್ಚಳದ ಅಂಚು, ತಿರುಗುವ ಕೀಲು, ಮೇಜಿಗೆ ಉಜ್ಜುವ ತಳ ಹೆಚ್ಚು ಸವೆದಿರುತ್ತವೆ. ಒಳಗೆ ಮಸಿ ಕಟ್ಟಿ ಕುಳಿತಿರುತ್ತದೆ. ಉಜ್ಜಿ ಹೊಳಪು ಕೊಟ್ಟರೆ ಅಸಲಿಗೂ ನಕಲಿಗೂ ವ್ಯತ್ಯಾಸ ಹೇಳುವ ಈ ಗುರುತುಗಳೇ ಮಾಯ.

ಕಾನೂನನ್ನೂ ಮರೆಯುವಂತಿಲ್ಲ. 1972ರ ಪ್ರಾಚೀನ ವಸ್ತುಗಳ ಅಧಿನಿಯಮದ ಪ್ರಕಾರ ಚಾರಿತ್ರಿಕ ಮಹತ್ವವುಳ್ಳ ನೂರು ವರ್ಷ ದಾಟಿದ ವಸ್ತು ಪ್ರಾಚೀನ ವಸ್ತು ಎನಿಸಿಕೊಳ್ಳುತ್ತದೆ. ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಅದರ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು.

ಅಟ್ಟದಲ್ಲಿ ದೌತಿ ಸಿಕ್ಕವರು ಮಾಡಬೇಕಾದದ್ದು ಕಡಿಮೆ. ಒಣಬಟ್ಟೆಯಲ್ಲಿ ಧೂಳು ಒರೆಸಿ, ಅದು ಯಾರದ್ದು, ಯಾವ ಕೆಲಸಕ್ಕೆ ಬಳಕೆಯಾಗುತ್ತಿತ್ತು ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಡುವುದು. ಶಾನುಭೋಗರ ಲೆಕ್ಕವೋ, ಮಗಳಿಗೆ ತಂದೆ ಬರೆದ ಕಾಗದವೋ, ಆ ದೌತಿಯಿಂದ ಹೊರಟ ಅಕ್ಷರಗಳು ಎಲ್ಲಿಗೋ ಹೋಗಿವೆ. ಮನೆಯಲ್ಲಿ ಉಳಿದಿರುವುದು ತಳದ ಆ ಕಲೆಯೊಂದೇ.