ಹೆಚ್ಚು ವ್ಯಾಟ್ ಎಳೆದರೆ ಹೆಚ್ಚು ವೇಗವೇ?

320 ವ್ಯಾಟ್ ಎಳೆಯುವ ಗ್ರಾಫಿಕ್ಸ್ ಕಾರ್ಡ್ 200 ವ್ಯಾಟ್‌ನ ಕಾರ್ಡಿಗಿಂತ ಜೋರಾಗಿಯೇ ಇರಬೇಕು ಎಂದು ನಂಬಿ ದುಡ್ಡು ಕೊಡುವವರು ಬಹಳ ಮಂದಿ. ಎನ್‌ವಿಡಿಯಾದ ಎರಡು ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. 2020ರ ಆರ್‌ಟಿಎಕ್ಸ್ 3080ರಲ್ಲಿ 8704 ಕೋರ್‌ಗಳಿವೆ. 2023ರ ಆರ್‌ಟಿಎಕ್ಸ್ 4070ರಲ್ಲಿ ಇರುವುದು 5888. ಮೊದಲನೆಯದು 320 ವ್ಯಾಟ್, ಎರಡನೆಯದು 200. ಆದರೂ ಹೆಚ್ಚಿನ ಗೇಮ್‌ಗಳಲ್ಲಿ ಎರಡರ ವೇಗ ಹತ್ತಿರ ಹತ್ತಿರ ಒಂದೇ.

ಇದಕ್ಕೆ ಕಾರಣ ಚಿಪ್ ತಯಾರಾದ ರೀತಿ. 3080ರ ಚಿಪ್ ಸ್ಯಾಮ್‌ಸಂಗ್‌ನ 8 ನ್ಯಾನೋಮೀಟರ್ ತಂತ್ರದ್ದು, ಸುಮಾರು 1.7 ಗಿಗಾಹರ್ಟ್ಸ್‌ನಲ್ಲಿ ಓಡುತ್ತದೆ. ಟಿಎಸ್‌ಎಂಸಿ ತಯಾರಿಸಿದ 4070 ಸುಮಾರು 2.5 ಗಿಗಾಹರ್ಟ್ಸ್ ಮುಟ್ಟುತ್ತದೆ. ಚಿಪ್‌ನೊಳಗಿನ ಎಲ್2 ಕ್ಯಾಶ್ 5 ಎಂಬಿಯಿಂದ 36 ಎಂಬಿಗೆ ಏರಿದೆ. ಬೇಕಾದ ಸಾಮಾನೆಲ್ಲ ಒಲೆಯ ಪಕ್ಕದ ಡಬ್ಬಿಯಲ್ಲೇ ಇದ್ದರೆ ಉಗ್ರಾಣಕ್ಕೆ ಮತ್ತೆ ಮತ್ತೆ ಎದ್ದು ಹೋಗಬೇಕಿಲ್ಲವಲ್ಲ, ಹಾಗೆ. ಹೊರಗಿನ ಮೆಮೊರಿಗೆ ಅಲೆಯುವುದು ತಪ್ಪಿದಷ್ಟೂ ವಿದ್ಯುತ್ ಉಳಿಯುತ್ತದೆ.

ಹಾಗಾದರೆ ಉಳಿದ ಕರೆಂಟಿನಲ್ಲೇ ಹೊಸ ಕಾರ್ಡಿನ ಹೆಚ್ಚುವರಿ ಬೆಲೆ ಹುಟ್ಟಿಬಿಡುತ್ತದೆಯೇ? ಇದು ಎರಡನೇ ತಪ್ಪು ಕಲ್ಪನೆ. ದಿನಕ್ಕೆ ಮೂರು ಗಂಟೆ ಗೇಮ್ ಆಡುವವರಿಗೆ 120 ವ್ಯಾಟ್‌ನ ವ್ಯತ್ಯಾಸ ತಿಂಗಳಿಗೆ ಸುಮಾರು 11 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ವರ್ಷಕ್ಕೆ 800 ರೂಪಾಯಿ ದಾಟುವುದಿಲ್ಲ. ಕರ್ನಾಟಕದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ 200 ಯೂನಿಟ್‌ಗಳ ಅಂಚಿನಲ್ಲಿರುವ ಮನೆಗೆ ಮಾತ್ರ ಈ 11 ಯೂನಿಟ್ ಭಾರ. ಮಿತಿ ಮೀರಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ಆ 120 ವ್ಯಾಟ್‌ನ ನಿಜವಾದ ಬಿಸಿ ತಟ್ಟುವುದು ಕೋಣೆಗೆ ಮತ್ತು ಎಸ್‌ಎಂಪಿಎಸ್‌ಗೆ. ಕಾರ್ಡ್ ಎಳೆದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬೀಳುತ್ತದೆ. ರಾಯಚೂರಿನ ಏಪ್ರಿಲ್‌ನಲ್ಲಿ ಕಿಟಕಿ ಮುಚ್ಚಿ ಆಡುವವರಿಗೆ ಅದನ್ನು ವಿವರಿಸಬೇಕಿಲ್ಲ. 3080ಕ್ಕೆ 750 ವ್ಯಾಟ್‌ನ ಎಸ್‌ಎಂಪಿಎಸ್ ಇರಲಿ ಎಂದು ಕಂಪನಿಯೇ ಹೇಳುತ್ತದೆ, 4070ಕ್ಕೆ 650 ಸಾಕು. ಹಳೆಯ ಎಸ್‌ಎಂಪಿಎಸ್ ಬದಲಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿಯದೆ ‘ಅಗ್ಗಕ್ಕೆ ಸಿಕ್ಕಿತು’ ಎನ್ನುವುದು ಸರಿಯಲ್ಲ. ಅದಾಗಲೇ 3080 ಇದ್ದವರು ಸೆಟ್ಟಿಂಗ್‌ನಲ್ಲಿ ಪವರ್ ಮಿತಿಯನ್ನು ಕೊಂಚ ಇಳಿಸಿ ನೋಡಲಿ. ಶಾಖ ಇಳಿದಷ್ಟು ವೇಗ ಇಳಿಯುವುದಿಲ್ಲ.

ಹೊಸದೇ ಮೇಲು ಎನ್ನುವವರೂ ಎಡವುತ್ತಾರೆ. ಆರ್‌ಟಿಎಕ್ಸ್ 3060 ಟಿಐನ ಮೆಮೊರಿ ದಾರಿ 256 ಬಿಟ್ ಅಗಲ. ಅದರ ಮುಂದಿನ ತಲೆಮಾರಿನ 4060 ಟಿಐಗೆ 128 ಬಿಟ್ ಮಾತ್ರ. 4ಕೆ ಪರದೆಯಲ್ಲಿ ಹೊಸದರ ಮುನ್ನಡೆ ಬಹುಪಾಲು ಕರಗಿಹೋಗುತ್ತದೆ. ಸಾಲದ್ದಕ್ಕೆ 4060 ಟಿಐ ಮದರ್‌ಬೋರ್ಡಿನ 16 ಲೇನ್‌ಗಳ ಪೈಕಿ ಎಂಟನ್ನೇ ಬಳಸುತ್ತದೆ, ಪಿಸಿಐಇ 3.0ರ ಹಳೆಯ ಬೋರ್ಡಿನಲ್ಲಿ ಅದರ ವೇಗ ಇನ್ನೂ ಕುಗ್ಗಬಹುದು. ಫ್ರೇಮ್ ಜನರೇಶನ್‌ನಿಂದ ಎಫ್‌ಪಿಎಸ್ ಅಂಕಿ ಏರಿದ್ದನ್ನು ತೋರಿಸಿ ಕಾರ್ಡೇ ಅಷ್ಟು ವೇಗ ಎಂದರೆ ನಂಬಬೇಡಿ. ನಡುವೆ ಸೇರಿಸಿದ ಚಿತ್ರದಿಂದ ನೋಟ ನುಣುಪಾಗುತ್ತದೆ, ಬಟನ್ ಒತ್ತಿದ್ದಕ್ಕೆ ಆಟ ಬೇಗ ಸ್ಪಂದಿಸುವುದಿಲ್ಲ.

ಕೆಲಸ ಗೇಮ್ ಅಲ್ಲ, ಮನೆಯಲ್ಲೇ ಎಐ ಭಾಷಾ ಮಾದರಿ ಓಡಿಸುವುದು ಎಂದಾದರೆ ನನ್ನ ಆಯ್ಕೆ 350 ವ್ಯಾಟ್‌ನ ಹಳೆಯ 3090. ಅದರಲ್ಲಿ 24 ಜಿಬಿ ಮೆಮೊರಿ ಇದೆ. 20 ಜಿಬಿಯ ಮಾದರಿ 4070ರ 12 ಜಿಬಿಯಲ್ಲಿ ಹಿಡಿಸುವುದೇ ಇಲ್ಲ. ಉಳಿದ ಭಾಗ ಕಂಪ್ಯೂಟರಿನ ರ‍್ಯಾಮ್‌ಗೆ ಸರಿದರೆ ಓಟ ತೆವಳುತ್ತದೆ. ಆದರೆ ಹಳೆಯದಕ್ಕೂ ಒಂದು ಗಡಿ ಉಂಟು. 2017ರ ಜಿಟಿಎಕ್ಸ್ 1080 ಟಿಐಗೆ 11 ಜಿಬಿ ಇದ್ದರೂ ರೇ ಟ್ರೇಸಿಂಗ್‌ನ ಯಂತ್ರಾಂಶವಿಲ್ಲ. ಅದಿಲ್ಲದ ಕಾರ್ಡುಗಳನ್ನು 2024ರ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದಿ ಗ್ರೇಟ್ ಸರ್ಕಲ್’ ಗೇಮ್ ತನ್ನ ಬೆಂಬಲದಿಂದಲೇ ಹೊರಗಿಟ್ಟಿದೆ.

2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡುಗಳನ್ನು ಹಗಲಿರುಳು ದುಡಿಸುತ್ತಿದ್ದ ಇಥೀರಿಯಂ ಕ್ರಿಪ್ಟೋ ನಾಣ್ಯದ ಮೈನಿಂಗ್ ನಿಂತ ಮೇಲೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದ ಕಾರ್ಡುಗಳೆಲ್ಲ ಸತ್ತಂತೆಯೇ ಎಂಬ ಭಯವೂ ಅತಿಯಾದದ್ದು. ಸವೆಯುವುದು ಹೆಚ್ಚಾಗಿ ಫ್ಯಾನ್ ಮತ್ತು ಥರ್ಮಲ್ ಪ್ಯಾಡ್, ಎರಡನ್ನೂ ಬದಲಿಸಬಹುದು. 3080 ಅಥವಾ 3090 ಕೊಳ್ಳುವ ಮುನ್ನ ಅರ್ಧ ಗಂಟೆ ಭಾರವಾದ ಗೇಮ್ ಓಡಿಸಿ ತೋರಿಸಲು ಹೇಳಿ, ಮೆಮೊರಿಯ ಉಷ್ಣಾಂಶ ನೋಡಿ. 110 ಡಿಗ್ರಿ ಮುಟ್ಟುತ್ತಿದ್ದರೆ ಪ್ಯಾಡ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಪರದೆಯಲ್ಲಿ ಬಣ್ಣದ ಚುಕ್ಕೆಗಳು ಕಂಡರೆ ಎಷ್ಟು ಅಗ್ಗವಾದರೂ ಬೇಡ.